ಹಿಂಭಾಗದ ಅಲುಗಾಟ: ಬಳುಕೋ, ಸಡಿಲವೋ?

ತಿರುವಿನಲ್ಲಿ ಹಿಂಚಕ್ರ ಒಂದು ಕ್ಷಣ ತಡವಾಗಿ ಹಿಂಬಾಲಿಸಿದಂತಾದರೆ, ಬ್ರೇಕಿನ ಡಿಸ್ಕ್ ಪ್ಯಾಡಿಗೆ ಉಜ್ಜಿ ಕಿರ್ರೆಂದರೆ, ಹೊಸಬರು ಫ್ರೇಮಿನ ಮೇಲೆ ತಪ್ಪು ಹೊರಿಸುತ್ತಾರೆ. ಫುಲ್ ಸಸ್ಪೆನ್ಷನ್ (ಮುಂದೆ ಹಿಂದೆ ಎರಡೂ ಕಡೆ ಕುಲುಕು ತಡೆಯುವ ವ್ಯವಸ್ಥೆ ಇರುವ) ಸೈಕಲ್‌ಗಳಲ್ಲಿ ನಾನು ಕಂಡಂತೆ ಬಹುಪಾಲು ತಪ್ಪು ಫ್ರೇಮಿನದಲ್ಲ. ಬಳುಕುವ ಲೋಹ ಒತ್ತಿದಷ್ಟೂ ಎದುರು ಒತ್ತುತ್ತದೆ, ಬಿಟ್ಟರೆ ಸದ್ದಿಲ್ಲದೆ ಮರಳುತ್ತದೆ. ಸಡಿಲವಿದ್ದರೆ ಮೊದಲು ಸ್ವಲ್ಪ ಪೊಳ್ಳು, ಆಮೇಲೆ ‘ಟಕ್’.

ನಾನು ಚಕ್ರದಿಂದ ಶುರುಮಾಡಿ ಒಳಕ್ಕೆ ಹೋಗುತ್ತೇನೆ. ಟೈರಿಗೆ 5 ಪಿಎಸ್‌ಐ ಗಾಳಿ ಹೆಚ್ಚಿಸಿ ಅದೇ ತಿರುವಿನಲ್ಲಿ ಓಡಿಸಿ; ತೂಗಾಟ ನಿಂತರೆ ಹುಡುಕಾಟ ಮುಗಿಯಿತು. ಸ್ಪೋಕ್‌ಗಳನ್ನು ಜೋಡಿಯಾಗಿ ಹಿಂಡಿ ಸಡಿಲವಾದವನ್ನು ಹುಡುಕುವಾಗ ಒಂದೇ ಬದಿಯವನ್ನು ಪರಸ್ಪರ ಹೋಲಿಸಿ. ಹಿಂಚಕ್ರದಲ್ಲಿ ಡಿಸ್ಕ್ ಬದಿಯವು ಸಾಮಾನ್ಯವಾಗಿ ಮೆದುವೇ.

ಮುಂದಿನ ಪರೀಕ್ಷೆಗೆ ಒಂದು ಜಿಪ್ ಟೈ ಸಾಕು. ಅದನ್ನು ಸೀಟ್‌ಸ್ಟೇಗೆ (ಸೀಟಿನ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಕೊಳವೆ) ಬಿಗಿದು, ಬಾಲದ ತುದಿ ರಿಮ್‌ನಿಂದ 2 ಮಿ.ಮೀ. ದೂರ ನಿಲ್ಲುವಂತೆ ಕತ್ತರಿಸಿ. ಒಂದು ಕೈಯಲ್ಲಿ ಸೀಟ್ ಟ್ಯೂಬ್ ಹಿಡಿದು, ಇನ್ನೊಂದರಲ್ಲಿ ಚಕ್ರದ ಮೇಲ್ತುದಿಯನ್ನು ಅಡ್ಡಕ್ಕೆ ಎಳೆಯಿರಿ. ಆ ಸಂದು ಹಿಗ್ಗಿ ಕುಗ್ಗಿದರೆ ದೋಷ ಚಕ್ರ, ಹಬ್ ಅಥವಾ ಆಕ್ಸಲ್‌ನದು. ಸಂದು ಹಾಗೇ ಇದ್ದು ಹಿಂಭಾಗ ಇಡಿಯಾಗಿ ಸರಿದರೆ ಪಿವೋಟ್‌ಗಳ, ಅಂದರೆ ಫ್ರೇಮಿನ ಹಿಂಭಾಗ ಆಡುವ ಕೀಲುಗಳ, ಕಡೆ ಹೋಗಿ. ಬಿಡಿಭಾಗ ಕೊಳ್ಳುವ ಮೊದಲು ಈ ಪರೀಕ್ಷೆಯನ್ನಂತೂ ಮಾಡಲೇಬೇಕು.

ಪಿವೋಟ್ ಪತ್ತೆಗೆ ಕಣ್ಣಿಗಿಂತ ಬೆರಳು ಚುರುಕು. ಇನ್ನೊಬ್ಬರು ಚಕ್ರ ಅಲ್ಲಾಡಿಸುತ್ತಿರಲಿ. ನೀವು ಎರಡು ಭಾಗ ಕೂಡುವ ಗೆರೆಯ ಮೇಲೆ ಬೆರಳಿಟ್ಟು, ಅರ್ಧ ಈಚೆ ಅರ್ಧ ಆಚೆ ಇರುವಂತೆ ಒತ್ತಿ. ಮೊದಲು ಪೆಡಲ್ ಆಕ್ಸಲ್ ಬಳಿಯ ಮುಖ್ಯ ಪಿವೋಟ್. ಅಲ್ಲಿ ಎರಡು ಬೇರಿಂಗ್‌ಗಳ ನಡುವೆ 70 ಮಿ.ಮೀ., ಚೈನ್‌ಸ್ಟೇ (ಪೆಡಲ್ ಆಕ್ಸಲ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಕೆಳಗಿನ ಕೊಳವೆ) 440 ಮಿ.ಮೀ. ಎಂದಿಟ್ಟುಕೊಳ್ಳಿ: 0.2 ಮಿ.ಮೀ. ಸಡಿಲವೂ ಹಿಂದಿನ ಆಕ್ಸಲ್‌ನಲ್ಲಿ 1.2 ಮಿ.ಮೀ. ದಾಟುತ್ತದೆ. ಆಮೇಲೆ ಹಿಂಭಾಗವನ್ನು ಶಾಕ್‌ಗೆ ಜೋಡಿಸುವ ತುಂಡಿನ, ಅಂದರೆ ಲಿಂಕ್‌ನ, ಪಿವೋಟ್‌ಗಳು. ಸೀಟು ಹಿಡಿದು ಮೆಲ್ಲಗೆ ಎತ್ತಿದಾಗ ಬರುವ ‘ಟಕ್’ ಸಾಮಾನ್ಯವಾಗಿ ಶಾಕ್ ಬುಶಿಂಗ್ (ಶಾಕ್‌ನ ತುದಿಯ ಬೋಲ್ಟ್ ಸುತ್ತಲಿನ ಬಳೆ) ಸವೆದ ಗುರುತು. ಅದು ಮೇಲೆ-ಕೆಳಗಿನ ಸಡಿಲ, ಅಡ್ಡ ಅಲುಗಾಟಕ್ಕೆ ಅದನ್ನು ದೂರಬೇಡಿ.

ಇಲ್ಲಿ ಬಹಳ ಜನ ಎಡವುತ್ತಾರೆ: ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿಯುವುದು. ಬೇರಿಂಗ್ ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಅದರ ಒಳಬಳೆ ಪಿವೋಟ್ ಆಕ್ಸಲ್ ಮೇಲೆಯೇ ತಿರುಗಿ ಅದನ್ನು ತೇಯುತ್ತದೆ. ಎಷ್ಟು ಬಿಗಿದರೂ ತೇದ ಲೋಹ ಮರಳದು. ಅದಕ್ಕೇ ಶಾಕ್ ಬಿಚ್ಚಿ, ಹಿಂಭಾಗವನ್ನು ಕೈಯಲ್ಲಿ ಪೂರ್ತಿ ಮೇಲೆ-ಕೆಳಗೆ ಆಡಿಸಿ. ಗರಗರ ಎಂದರೆ, ನಡುವೆ ತಡೆದರೆ ಬೇರಿಂಗ್ ಬದಲಿಸಿ. ಹೊಸದನ್ನು ಹೊರಬಳೆಯ ಮೇಲಷ್ಟೇ ಒತ್ತಿ ಕೂರಿಸಿ. ಬೋಲ್ಟ್‌ನ ಎಳೆ ಒರೆಸಿ, ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ತಾನಾಗಿ ಸಡಿಲವಾಗದಂತೆ ತಡೆಯುವ ಅಂಟು) ಒಂದು ಹನಿ ಹಾಕಿ, ತಯಾರಕರು ಹೇಳಿದ ಬಿಗಿತಕ್ಕೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದಲೇ ಕೂರಿಸಿ.

ಇಷ್ಟಾದ ಮೇಲೂ ಎರಡೂ ಬದಿಗೆ ಸಮನಾಗಿ, ಸದ್ದಿಲ್ಲದೆ ಬಾಗಿದರೆ ಅದು ನಿಜವಾದ ಬಳುಕು. ಚೈನ್‌ಸ್ಟೇ ಒಳಮೈಯಲ್ಲಿ ಟೈರು ಉಜ್ಜಿದ ಹೊಳಪಿಲ್ಲದಿದ್ದರೆ ಓಡಿಸಲು ಅಡ್ಡಿಯಿಲ್ಲ. ಒಂದೇ ಬದಿಗೆ ಹೆಚ್ಚು ಬಾಗಿದರೆ ಮುಖ್ಯ ಪಿವೋಟ್ ಹಿಂದಿನ ಬೆಸುಗೆಗಳನ್ನು ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಸವಾರಿ ನಿಲ್ಲಿಸಿ, ಆ ಭಾಗವನ್ನೇ ಬದಲಿಸಿ. ಬಿರುಕನ್ನು ಬೆಸೆದರೆ ಸಾಲದು: ಫ್ರೇಮ್‌ಗೆ ಬಳಸುವ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಬೆಸೆದ ಜಾಗದಲ್ಲಿ ಮೆದುವಾಗುತ್ತದೆ, ಮತ್ತೆ ಶಾಖ ಸಂಸ್ಕಾರ ಮಾಡದೆ ಹಳೆಯ ಬಲ ಬಾರದು.