ತಂತಿ ಮುಟ್ಟಿದರೂ ನಿಲ್ಲದ ಗುಂಯ್ ಸದ್ದು

ಕಿಟ್‌ನಿಂದ ಮೊದಲ ಬಾಸ್ ಗಿಟಾರ್ ಜೋಡಿಸುವಾಗ ನನಗೆ ಹೆದರಿಕೆ ಇದ್ದದ್ದು ಮರದ ಕೆಲಸದ್ದು. ಕಾಡಿಸಿದ್ದು ಒಂದು ಗೇಣು ವೈರು.

ಬಾಡಿಯನ್ನು 180ರಿಂದ 320 ಗ್ರಿಟ್‌ವರೆಗಿನ (ಸಂಖ್ಯೆ ಹೆಚ್ಚಿದಷ್ಟೂ ನಯ) ಸ್ಯಾಂಡ್‌ಪೇಪರಿನಲ್ಲಿ ಮರದ ಎಳೆಯ ಉದ್ದಕ್ಕೇ ಉಜ್ಜಿ, ಟಂಗ್ ಆಯಿಲ್ ತೆಳ್ಳಗೆ ಹಚ್ಚಿ ಒರೆಸುತ್ತಾ ಹೋದೆ. ಅವಸರ ಮಾಡದಿದ್ದರೆ ಅದು ಕಷ್ಟವೇನಲ್ಲ. (ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.)

ತಂತಿ ಕಟ್ಟಿ ಆಂಪ್‌ಗೆ ಹಾಕಿದರೆ ಗುಂಯ್ ಅನ್ನುವ ಸದ್ದು. ಸರಿಯಿದ್ದರೆ ತಂತಿ ಮುಟ್ಟಿದಾಗ ತಗ್ಗಬೇಕು; ಇಲ್ಲಿ ಮುಟ್ಟಿದರೂ ಅಷ್ಟೇ. ಆಂಪ್‌ನ ಕೇಬಲ್ ಸಿಕ್ಕಿಸುವ ಜ್ಯಾಕ್‌ನ ಲೋಹ ಮುಟ್ಟಿದರೆ ಮಾತ್ರ ತಗ್ಗುತ್ತಿತ್ತು. ಅಲ್ಲೇ ಸುಳಿವು ಸಿಕ್ಕಿತು: ತಂತಿಗಳ ಬುಡ ಕೂರುವ ಲೋಹದ ಬ್ರಿಡ್ಜ್‌ಗೆ ಗ್ರೌಂಡ್ (ಅರ್ಥಿಂಗ್‌ನಂಥ ಸಂಪರ್ಕ) ತಲುಪುತ್ತಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಬ್ರಿಡ್ಜ್‌ಗೆ, ಇನ್ನೊಂದು ಜ್ಯಾಕ್‌ನ ಹೊರಕವಚಕ್ಕೆ ಇಟ್ಟೆ. ಬೀಪ್ ಇಲ್ಲ, ಅಂದರೆ ಸಂಪರ್ಕವಿಲ್ಲ.

ಬ್ರಿಡ್ಜ್ ಬಿಚ್ಚಿ ನೋಡಿದರೆ, ಕಿಟ್‌ನವರು ಕೊಟ್ಟ ವೈರು ಗಿಡ್ಡ. ತುದಿ ರಂಧ್ರದೊಳಗೇ ಉಳಿದು ಲೋಹಕ್ಕೆ ತಾಕುತ್ತಲೇ ಇರಲಿಲ್ಲ. ಬೇರೆ ತುಂಡು ಬೆಸೆದು ಉದ್ದ ಮಾಡಿ, ತುದಿಯ ಪ್ಲಾಸ್ಟಿಕ್ಕನ್ನು ಎರಡು ಸೆಂಟಿಮೀಟರ್ ಸುಲಿದು, ತಾಮ್ರದ ಎಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಹರಡಿದೆ. ಮೇಲೆ ಬ್ರಿಡ್ಜ್ ಕೂರಿಸಿ ಸ್ಕ್ರೂ ಬಿಗಿದೆ. ಈಗ ಮೀಟರ್ ಸೊನ್ನೆಯ ಹತ್ತಿರ ತೋರಿಸಿತು, ತಂತಿ ಮುಟ್ಟಿದೊಡನೆ ಸದ್ದೂ ತಗ್ಗಿತು.

ಒಂದೇ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ವಾಲ್ಯೂಮ್ ಏರಿಸಿದರೆ ಸಣ್ಣ ಗುಂಯ್ ಸದ್ದು ಈಗಲೂ ಇದೆ. ಅದು ಸಿಂಗಲ್ ಕಾಯಿಲ್ (ಒಂದೇ ವೈರಿನ ಸುರುಳಿಯ) ಪಿಕಪ್‌ನ ಗುಣ, ರಿಪೇರಿಗೆ ಬರುವಂಥದ್ದಲ್ಲ. ಇದರ ಎರಡು ಪಿಕಪ್‌ಗಳ ಸುತ್ತು ಪರಸ್ಪರ ವಿರುದ್ಧ, ಹಾಗಾಗಿ ಎರಡನ್ನೂ ಪೂರ್ತಿ ಏರಿಸಿದರೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ.