ಗಿಡದ ಅಕ್ವೇರಿಯಂಗೆ ದೀಪ ಎಷ್ಟು ಹೊತ್ತು?

ಹೊಸದಾಗಿ ಗಿಡ ನೆಟ್ಟ ಅಕ್ವೇರಿಯಂಗೆ ದಿನಕ್ಕೆ 6 ಗಂಟೆ ದೀಪ ಸಾಕು. ಗಿಡ ಬೇರು ಹಿಡಿದು ಹೊಸ ಎಲೆ ಬಿಡುವವರೆಗೆ, ಅಂದರೆ ಮೊದಲ ಮೂರು-ನಾಲ್ಕು ವಾರ, ಅದರ ಮೇಲೆ ಏರಿಸಬೇಡಿ. ಆಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಕೂಡಿಸುತ್ತ 8 ಗಂಟೆಗೆ ತಂದು ನಿಲ್ಲಿಸಿ. 8 ಗಂಟೆಯಲ್ಲಿ ಬೆಳೆಯದ ಗಿಡ 12 ಗಂಟೆ ಕೊಟ್ಟರೂ ಬೆಳೆಯುವುದಿಲ್ಲ. ಅಲ್ಲಿ ಕೊರತೆ ಬೇರೆಯದೇ ಇರುತ್ತದೆ, ಉಳಿದ ನಾಲ್ಕು ಗಂಟೆಯನ್ನು ತಿಂದು ಕೊಬ್ಬುವುದು ಪಾಚಿ.

ಕೆರೆಯ ಗಿಡಕ್ಕೆ ಇಡೀ ದಿನ ಬಿಸಿಲು ಸಿಗುತ್ತದಲ್ಲ, ತೊಟ್ಟಿಯ ಗಿಡಕ್ಕೆ ಯಾಕೆ ಈ ಜಿಪುಣತನ ಎಂದು ಕೇಳುವವರಿದ್ದಾರೆ. ನಮ್ಮ ಮೈಸೂರು ಸೀಮೆಯಲ್ಲಿ ಹಗಲು ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ, ಜೂನಿನಲ್ಲಿ ಸುಮಾರು 12 ಗಂಟೆ 50 ನಿಮಿಷ ಇರುತ್ತದೆ, ನಿಜ. ಆದರೆ ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲಿನ ದೊಡ್ಡ ಪಾಲು ನೀರಿನ ಮೇಲೆಯೇ ಜಾರಿ ಹೋಗುತ್ತದೆ. ತಳಕ್ಕೆ ಇಳಿಯುವುದು ನಡುಹಗಲಿನ ಬೆಳಕು. ಎಲ್‌ಇಡಿ ಹಾಗಲ್ಲ, ಹಾಕಿದ ಕ್ಷಣದಿಂದ ಆರಿಸುವವರೆಗೆ ಒಂದೇ ಪ್ರಖರತೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಕೆರೆಯ ಕೆಸರು ಕೊಳೆಯುತ್ತ ಕಾರ್ಬನ್ ಡೈಆಕ್ಸೈಡನ್ನು ಬಿಡುತ್ತಲೇ ಇರುತ್ತದೆ. ಮನೆಯ ತೊಟ್ಟಿಯಲ್ಲಿ ರಾತ್ರಿಯೆಲ್ಲ ಮೀನು ಉಸಿರಾಡಿ ಕೂಡಿಟ್ಟದ್ದನ್ನು ಗಿಡಗಳು ದೀಪ ಬೆಳಗಿದ ಮೊದಲ ಕೆಲವು ಗಂಟೆಗಳಲ್ಲೇ ಮುಗಿಸಿಬಿಡುತ್ತವೆ. ಗಿಡದ ಕೈ ನಿಂತ ಮೇಲೂ ದೀಪ ಉರಿಯುತ್ತಿದ್ದರೆ, ಅಲ್ಪಸ್ವಲ್ಪದಲ್ಲೇ ಬದುಕಬಲ್ಲ ಪಾಚಿಗೆ ಹಬ್ಬ. ಹೈಗ್ರೊಫಿಲಾ, ಲಿಮ್ನೊಫಿಲಾ, ಲುಡ್ವಿಜಿಯಾದಂಥ ಕಾಂಡದ ಗಿಡಗಳನ್ನು ಸಂಜೆ ಗಮನಿಸಿ. ದೀಪ ಇನ್ನೂ ಉರಿಯುತ್ತಿರುವಾಗಲೇ ತುದಿಯ ಎಲೆಗಳನ್ನು ಮೇಲೆತ್ತಿ ಮಡಚಿಕೊಂಡಿದ್ದರೆ ಅವುಗಳ ದಿನ ಮುಗಿಯಿತು ಎಂದರ್ಥ. ಆ ಹೊತ್ತನ್ನು ಬರೆದಿಟ್ಟುಕೊಂಡು ದೀಪವನ್ನು ಅದರ ಆಸುಪಾಸಿನಲ್ಲೇ ಆರಿಸಿದರೆ ತಪ್ಪಾಗುವುದಿಲ್ಲ.

ಗಂಟೆಯ ಲೆಕ್ಕ ಹಾಕುವ ಮೊದಲು ದೀಪದ ಶಕ್ತಿ ಗೊತ್ತಿರಬೇಕು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಸುವುದು ಸುಮಾರು 54 ಲೀಟರ್. ಕೆಳಗಿನ ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಲೀಟರ್ ಉಳಿದೀತು. ವಿದ್ಯುತ್ ಅಂಗಡಿಯಲ್ಲಿ ಸಿಗುವ ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಪಟ್ಟಿ ಸುಮಾರು 1000 ಲ್ಯೂಮೆನ್ (ಬೆಳಕಿನ ಅಳತೆ) ಕೊಡುತ್ತದೆ. ಲೀಟರಿಗೆ 20ರ ಮೇಲೆ ಸ್ವಲ್ಪ ಬಂತು. ಅನೂಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಇಷ್ಟರಲ್ಲೇ ಚೆನ್ನಾಗಿ ಬಾಳುತ್ತವೆ, 8 ಗಂಟೆ ಧಾರಾಳ. ಪೆಟ್ಟಿಗೆಯ ಮೇಲೆ 6500 ಕೆಲ್ವಿನ್, ಅಂದರೆ ಹಗಲಿನಂಥ ಬಿಳಿ ಬೆಳಕು, ಎಂದಿರುವುದನ್ನು ಆರಿಸಿ, ಹಸಿರು ಹಸಿರಾಗಿಯೇ ಕಾಣುತ್ತದೆ. ಇದಕ್ಕೆ ಇನ್ನೊಂದು ಪಟ್ಟಿ ಸೇರಿಸಿದರೆ ಲೀಟರಿಗೆ 40 ದಾಟುತ್ತದೆ. ಆಗ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಮತ್ತು ದ್ರವ ಗೊಬ್ಬರ ಇಲ್ಲದೆ ನಡೆಯುವುದಿಲ್ಲ. ಆಸೆಗೆ ಬಿದ್ದು ದೊಡ್ಡ ದೀಪ ತಂದಾಗಿದೆ, ಅನಿಲದ ವ್ಯವಸ್ಥೆ ಇಲ್ಲ ಎನ್ನುವವರು ದೀಪವನ್ನು ಅರ್ಧ ಅಡಿ ಮೇಲಕ್ಕೆ ತೂಗುಹಾಕಿ, ಇಲ್ಲವೇ ಮಂದಗೊಳಿಸುವ ಗುಂಡಿ ಇದ್ದರೆ ಅರ್ಧಕ್ಕೆ ಇಳಿಸಿ, ಗಂಟೆಯನ್ನು ಆರರಲ್ಲೇ ಇಡಿ. ಅಂತರಗಂಗೆಯ ನಾಲ್ಕು ಸಸಿ ತೇಲಿಬಿಟ್ಟರೂ ಮೇಲಿನ ಬೆಳಕು ತಗ್ಗುತ್ತದೆ. ಅದು ಇಡೀ ಮೇಲ್ಮೈ ಮುಚ್ಚದಂತೆ ವಾರಕ್ಕೊಮ್ಮೆ ತೆಗೆಯುತ್ತಿರಬೇಕು, ಅಷ್ಟೇ. ಉಲ್ಟಾ ದಾರಿ ಮಾತ್ರ ಫಲಿಸುವುದಿಲ್ಲ. ಮಂಕು ದೀಪವನ್ನು 14 ಗಂಟೆ ಉರಿಸಿದರೆ ಗಿಡಕ್ಕೆ ಸಾಲದ ಬೆಳಕು ಸಾಲದೆಯೇ ಇರುತ್ತದೆ, ಪಾಚಿಗೆ ಮಾತ್ರ ಅದು ಬೇಕಾದಷ್ಟಾಗುತ್ತದೆ.

ಕರೆಂಟಿನ ಖರ್ಚಿನ ಚಿಂತೆ ಬೇಡ. 10 ವ್ಯಾಟ್ ದೀಪ ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ ಎರಡೂವರೆ ಯೂನಿಟ್ಟೂ ಆಗುವುದಿಲ್ಲ.

ಇನ್ನು ಕಿಟಕಿ. ದೀಪದ ಲೆಕ್ಕ ಸರಿಯಿದ್ದರೂ ಪಾಚಿ ಬರುವ ಮನೆಗಳಲ್ಲಿ ತಪ್ಪು ಬಹುಮಟ್ಟಿಗೆ ಇಲ್ಲೇ ಇರುತ್ತದೆ. ತೊಟ್ಟಿ ಇಡುವಾಗ ಬಿಸಿಲು ಬೀಳುತ್ತಿರಲಿಲ್ಲ, ಈಗ ಬೀಳುತ್ತಿದೆ ಎನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೈಸೂರು, ಮಂಡ್ಯದಲ್ಲಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ಹಜಾರದೊಳಕ್ಕೆ ಬರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನಡುನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಆಗ ಬಿಸಿಲೇ ಬಾರದೆಂದು ನಂಬಿದ್ದ ಉತ್ತರದ ಕಿಟಕಿಯಲ್ಲೂ ಬೆಳಗು-ಸಂಜೆ ಓರೆ ಬಿಸಿಲು ಇಣುಕುತ್ತದೆ. ಪಶ್ಚಿಮದ ಕಿಟಕಿಯ ಪಕ್ಕ ತೊಟ್ಟಿ ಇಡಲೇಬೇಡಿ. ಬೇಸಿಗೆಯ ಮಧ್ಯಾಹ್ನ ಬೆಳಕಿನ ಜೊತೆಗೆ ಕಾವನ್ನೂ ಅದು ತರುತ್ತದೆ. ತೊಟ್ಟಿ ಕದಲಿಸಲಾಗದಿದ್ದರೆ ಕಿಟಕಿ ಕಡೆಯ ಗಾಜಿಗೆ ಹೊರಗಿನಿಂದ ಕಪ್ಪು ಚಾರ್ಟ್ ಹಾಳೆ ಅಂಟಿಸಿ. ಅದೂ ಆಗದಿದ್ದರೆ, ಒಂದು ಗಂಟೆ ನೇರ ಬಿಸಿಲಿಗೆ ದೀಪದಲ್ಲಿ ಒಂದೂವರೆಯಿಂದ ಎರಡು ಗಂಟೆ ಕಳೆಯಿರಿ. ನೇರ ಬಿಸಿಲಿಲ್ಲದ ಕೋಣೆಯ ಸಾಧಾರಣ ಹಗಲು ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಯಾವ ಹೊತ್ತಿಗೆ ಹಾಕಬೇಕೆಂಬುದು ಗಿಡಕ್ಕೆ ಮುಖ್ಯವಲ್ಲ, ದಿನವೂ ಅದೇ ಹೊತ್ತಾಗಿರಬೇಕು. ಮನೆಯವರೆಲ್ಲ ನೋಡುವುದು ಸಂಜೆಯಾದ್ದರಿಂದ ಮಧ್ಯಾಹ್ನ 2ರಿಂದ ರಾತ್ರಿ 9 ಅಥವಾ 10 ಸರಿಹೊಂದುತ್ತದೆ. ಮಾರ್ಚಿನಿಂದ ಮೇವರೆಗೆ, ಹೊರಗೆ 34-35 ಡಿಗ್ರಿ ಕಾಯುವ ದಿನಗಳಲ್ಲಿ, ಆರಂಭವನ್ನು 4 ಗಂಟೆಗೆ ದೂಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ನೀರು 30 ದಾಟಿದಾಗ ಮೇಲೆ ದೀಪದ ಕಾವೂ ಸೇರಿದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಕತ್ತಲಿನಿಂದ ಒಮ್ಮೆಲೇ ದೀಪ ಹಾಕಿದರೆ ನಿಯಾನ್ ಟೆಟ್ರಾದಂಥ ಪುಕ್ಕಲು ಮೀನು ಗಾಜಿಗೆ ಹೊಡೆದುಕೊಳ್ಳುವುದುಂಟು. ಹಗಲು ಬೆಳಕಿರುವಾಗಲೇ ದೀಪ ಹತ್ತಿದರೆ ಈ ತೊಂದರೆ ಇಲ್ಲ. ಆರಿಸುವಾಗಲೂ ಕೋಣೆಯ ದೀಪ ಹದಿನೈದು ನಿಮಿಷ ಉರಿಯಲಿ.

ಇದನ್ನೆಲ್ಲ ಕೈಯಲ್ಲಿ ಮಾಡುತ್ತೇನೆ ಎಂದರೆ ವಾರದಲ್ಲೇ ತಪ್ಪುತ್ತದೆ. ಟೈಮರ್ ತನ್ನಿ. ಗುಂಡನೆಯ ಬಿಲ್ಲೆಯ ಯಾಂತ್ರಿಕ ಟೈಮರಿನಲ್ಲಿ ಸುತ್ತಲೂ 96 ಹಲ್ಲುಗಳಿರುತ್ತವೆ, ಒಂದೊಂದಕ್ಕೆ 15 ನಿಮಿಷ. ಬಹುತೇಕ ತಯಾರಿಗಳಲ್ಲಿ ಕೆಳಗೆ ಒತ್ತಿದ ಹಲ್ಲು ದೀಪ ಉರಿಯುವ ಹೊತ್ತು, ಮೇಲಿದ್ದದ್ದು ಆರಿದ ಹೊತ್ತು. 8 ಗಂಟೆಗೆ 32 ಹಲ್ಲು ಒತ್ತಿ, ಬಿಲ್ಲೆ ತಿರುಗಿಸಿ ಬಾಣದ ಗುರುತಿಗೆ ಈಗಿನ ಸಮಯ ಹೊಂದಿಸಿ. ಬಿಲ್ಲೆಯಲ್ಲಿರುವುದು 24 ಗಂಟೆಯ ಲೆಕ್ಕ, ಮಧ್ಯಾಹ್ನ ಎರಡನ್ನು 14ಕ್ಕೆ ಇಡಬೇಕು. ಪಕ್ಕದಲ್ಲೊಂದು ಸಣ್ಣ ಗುಂಡಿ ಇರುತ್ತದೆ, ಒಂದು ಕಡೆ ಗಡಿಯಾರದ ಚಿತ್ರ, ಇನ್ನೊಂದು ಕಡೆ ಸದಾ ಚಾಲೂ ಎನ್ನುವ ಗುರುತು. ಟೈಮರ್ ಕೆಟ್ಟಿದೆ, ದೀಪ ಆರುವುದೇ ಇಲ್ಲ ಎಂಬ ದೂರುಗಳಲ್ಲಿ ಅನೇಕ ಇದೇ ಗುಂಡಿಯವು.

ಯಾಂತ್ರಿಕ ಟೈಮರಿನ ಒಂದು ದೋಷ ನಮ್ಮ ಕಡೆ ದೊಡ್ಡದು. ಕರೆಂಟು ಹೋದಷ್ಟು ಹೊತ್ತು ಅದರ ಬಿಲ್ಲೆಯೂ ನಿಲ್ಲುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಒಂದು ಗಂಟೆ ಹೋಯಿತೆಂದುಕೊಳ್ಳಿ, ವಾರದ ಕೊನೆಗೆ ಅದು 7 ಗಂಟೆ ಹಿಂದೆ ಬಿದ್ದು, ಮಧ್ಯಾಹ್ನ ಎರಡಕ್ಕೆ ಹತ್ತಬೇಕಾದ ದೀಪ ರಾತ್ರಿ ಒಂಬತ್ತಕ್ಕೆ ಹತ್ತಿ ಬೆಳಗಿನ ಜಾವದವರೆಗೆ ಉರಿಯುತ್ತದೆ. ಮಂಡ್ಯದ ಹಳ್ಳಿ ಕಡೆಯವರು ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳುವುದು ಮೇಲು, ಅದು ಕರೆಂಟಿಲ್ಲದಾಗಲೂ ಸಮಯ ಮರೆಯುವುದಿಲ್ಲ. ಯಾಂತ್ರಿಕದ್ದೇ ಇದ್ದರೆ ಭಾನುವಾರ ನೀರು ಬದಲಿಸುವಾಗ ಸಮಯವನ್ನೂ ಸರಿಮಾಡಿ. ಕರೆಂಟು ಹೋಗಿ ದೀಪ ಎರಡು ಗಂಟೆ ತಪ್ಪಿತೆಂದು ರಾತ್ರಿ ಎರಡು ಗಂಟೆ ಹೆಚ್ಚಿಗೆ ಉರಿಸಿ ಸರಿದೂಗಿಸಬೇಡಿ, ಗಿಡ ಅದನ್ನು ಕೇಳುವುದಿಲ್ಲ. ಯುಪಿಎಸ್ ಇರುವ ಮನೆಯಲ್ಲಿ ಅದಕ್ಕೆ ಗಾಳಿಯ ಪಂಪು ಮತ್ತು ಫಿಲ್ಟರ್ ಜೋಡಿಸಿ, ದೀಪ ಬೇಡ. ಪ್ಲಗ್ಗಿಗೆ ಹೋಗುವ ತಂತಿ ಒಮ್ಮೆ ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮೇಲೇರಲಿ. ತಂತಿಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಅನಿಲದ ಸಿಲಿಂಡರ್ ಇಲ್ಲದ ತೊಟ್ಟಿಗೆ ಇನ್ನೊಂದು ಉಪಾಯವಿದೆ, ನಡುವೆ ಬಿಡುವು ಕೊಡುವುದು. ಬೆಳಿಗ್ಗೆ 8ರಿಂದ 12, ಮತ್ತೆ ಸಂಜೆ 4ರಿಂದ 8. ಮಧ್ಯದ ನಾಲ್ಕು ಗಂಟೆಯಲ್ಲಿ ಮೀನಿನ ಉಸಿರು, ಫಿಲ್ಟರಿನ ಕೊಳೆತದಿಂದ ಕಾರ್ಬನ್ ಡೈಆಕ್ಸೈಡ್ ಒಂದಷ್ಟು ಮತ್ತೆ ತುಂಬಿಕೊಳ್ಳುತ್ತದೆ. ಬೆಳಗಿನ ಕಾಫಿ ಹೊತ್ತಿಗೂ ಸಂಜೆಗೂ ಮೀನು ನೋಡಬೇಕೆನ್ನುವ ಮನೆಗೆ ಇದು ಹಿಡಿಸುತ್ತದೆ. ಇದರಿಂದ ಪಾಚಿ ಮಾಯವಾಗುತ್ತದೆ ಎಂಬುದು ಉತ್ಪ್ರೇಕ್ಷೆ, ಗಿಡಕ್ಕೆ ಲಾಭ ಎಂಬಷ್ಟು ನಿಜ. ಸಿಲಿಂಡರ್ ಇದ್ದವರಿಗೆ ಬಿಡುವು ಬೇಡ. ಅವರು ಅನಿಲವನ್ನು ದೀಪಕ್ಕಿಂತ ಒಂದು ಗಂಟೆ ಮೊದಲು ತೆರೆದು, ದೀಪ ಆರುವುದಕ್ಕೆ ಒಂದು ಗಂಟೆ ಮೊದಲು ಮುಚ್ಚಬೇಕು. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮೀನು ಮೇಲೆ ತೇಲಿ ಏದುಸಿರು ಬಿಡುತ್ತಿರುತ್ತದೆ. ಸಿಲಿಂಡರಿನ ಬದಲು ಸಕ್ಕರೆ-ಯೀಸ್ಟ್ ಹುದುಗಿಸಿ ಅನಿಲ ತೆಗೆಯುವ ಬಾಟಲಿಯನ್ನು ಮುಚ್ಚಲು ಬಾರದು, ಅದನ್ನಿಟ್ಟವರು ರಾತ್ರಿ ಗಾಳಿ ಪಂಪು ಹಾಕಲಿ.

ಬೋರ್‌ವೆಲ್ ನೀರಿನ ಮನೆಗಳಿಗೊಂದು ಮಾತು. ಗಡಸು ನೀರು ಚಿಮ್ಮಿ ಒಣಗಿದಲ್ಲೆಲ್ಲ ಬಿಳಿ ಸುಣ್ಣ ಕಟ್ಟುತ್ತದೆ, ಗಾಜಿನ ಮುಚ್ಚಳ ಮಬ್ಬಾಗಿ ಬೆಳಕು ಕೆಳಗಿಳಿಯುವುದಿಲ್ಲ. ಗಿಡ ಸೊರಗಿತೆಂದು ಗಂಟೆ ಏರಿಸುವ ಮೊದಲು ಮುಚ್ಚಳವನ್ನು ತೆಗೆದು ಹೊರಗಿಟ್ಟು, ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ ತೊಳೆಯಿರಿ. ಅಂಥ ನೀರಿಗೆ ವ್ಯಾಲಿಸ್ನೇರಿಯಾ, ಹೈಡ್ರಿಲಾ ಒಗ್ಗುತ್ತವೆ. ಅವು ನೀರಿನಲ್ಲಿ ಕರಗಿದ ಬೈಕಾರ್ಬನೇಟಿನಿಂದಲೂ ಇಂಗಾಲ ತೆಗೆದುಕೊಳ್ಳಬಲ್ಲವು. ನಾಲೆಯಿಂದ ಹೈಡ್ರಿಲಾ ಕಿತ್ತು ತರುವವರು ಅದನ್ನು ನೇರ ತೊಟ್ಟಿಗೆ ಹಾಕಬೇಡಿ. ಏರೋಪ್ಲೇನ್ ಚಿಟ್ಟೆಯ ಮರಿಹುಳು ಅದರೊಳಗಿದ್ದರೆ ಗಪ್ಪಿ ಮರಿಗಳು ಒಂದೊಂದಾಗಿ ಕಾಣೆಯಾಗುತ್ತವೆ.

ಗಂಟೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಗಿಡವೇ ಹೇಳುತ್ತದೆ. ಗೆಣ್ಣು ಗೆಣ್ಣಿನ ನಡುವೆ ಅಂತರ ಉದ್ದವಾಗಿ, ಕೆಳಗಿನ ಎಲೆ ಉದುರಿ, ಕಾಂಡ ಮೇಲಕ್ಕೆ ತವಕಿಸುತ್ತಿದ್ದರೆ ಬೆಳಕು ಸಾಲದು. ಉಜ್ಜಿದ ಗಾಜು ಎರಡೇ ದಿನದಲ್ಲಿ ಹಸಿರು ಪುಡಿ ಹೊದ್ದರೆ, ಎಲೆಯಂಚಿಗೆ ಹಸಿರು ಕೂದಲು ಬಂದರೆ, ನೀರೇ ಹಸಿರಾದರೆ ಹೆಚ್ಚಾಯಿತು. ಆಗ 8ರಿಂದ ನೇರ 6ಕ್ಕೆ ಇಳಿಸಿ ಎರಡು ವಾರ ಕಾಯಿರಿ. ದಿನ ಬಿಟ್ಟು ದಿನ ಏರಿಸಿ ಇಳಿಸಿ ಮಾಡುವವರ ತೊಟ್ಟಿ ಎಂದೂ ನೆಲೆನಿಲ್ಲುವುದಿಲ್ಲ. ಎಲ್ಲ ಪಾಚಿಯ ಅಪರಾಧವನ್ನೂ ದೀಪಕ್ಕೆ ಹೊರಿಸುವುದೂ ಸಲ್ಲ. ಹೊಸ ತೊಟ್ಟಿಯ ಕಂದು ಧೂಳು ಮೊದಲ ವಾರಗಳಲ್ಲಿ ಬಂದು ತಾನೇ ಹೋಗುತ್ತದೆ, ಒರೆಸುತ್ತಿದ್ದರೆ ಸಾಕು. ಗಾಜಿಗೆ ಗಟ್ಟಿಯಾಗಿ ಅಂಟಿದ ಹಸಿರು ಚುಕ್ಕೆ ಬಹುತೇಕ ಫಾಸ್ಫೇಟ್ ಕೊರತೆಯ ಗುರುತು. ಅನೂಬಿಯಾಸ್ ಎಲೆಯಂಚಿನಲ್ಲಿ ಕಪ್ಪು ಗಡ್ಡದಂಥ ಪಾಚಿ ಬರುವುದು ಕಾರ್ಬನ್ ಡೈಆಕ್ಸೈಡ್ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆದಾಗ. ಆ ಎಲೆ ಕತ್ತರಿಸಿ, ಗಿಡವನ್ನು ನೆರಳಿಗೆ ಸರಿಸಿ.

ನೀರು ಪೂರಾ ಹಸಿರಾಗಿದ್ದರೆ, ಇಲ್ಲವೇ ನೆಲದ ಮೇಲೆ ನಾರುವ ನೀಲಿ-ಹಸಿರು ಪೊರೆ ಹರಡಿದ್ದರೆ ಗಂಟೆ ಇಳಿಸುವುದರಿಂದ ಸಾಲದು, ಕತ್ತಲೆ ಕೊಡಬೇಕು. ಕೈಗೆ ಸಿಕ್ಕಷ್ಟು ಪೊರೆ ಹೀರಿ ತೆಗೆದು, ಅರ್ಧ ನೀರು ಬದಲಿಸಿ, ತೊಟ್ಟಿಯನ್ನು ಕಪ್ಪು ಬಟ್ಟೆಯಿಂದ ಸುತ್ತಲೂ ಮುಚ್ಚಿ ಮೂರು ದಿನ ಪೂರ್ತಿ ಬಿಡಿ. ಇಣುಕಿ ನೋಡಬಾರದು, ಮೇವು ಹಾಕಬಾರದು, ಅನಿಲ ಬಂದ್, ಗಾಳಿ ಪಂಪು ಮಾತ್ರ ಹಗಲೂ ರಾತ್ರಿ ಓಡುತ್ತಿರಬೇಕು. ಗಾಳಿ ಆಡುವಂತೆ ಬಟ್ಟೆ ಮೇಲ್ಗಡೆ ಸ್ವಲ್ಪ ಸಡಿಲವಿರಲಿ. ತೆರೆದ ದಿನವೇ ಮತ್ತೆ ಅರ್ಧ ನೀರು ಬದಲಿಸುವುದನ್ನು ತಪ್ಪಿಸಬೇಡಿ. ಸತ್ತ ಪಾಚಿ ಕೊಳೆತು ಅಮೋನಿಯಾ ಬಿಡುತ್ತದೆ, ಆಗ ಸಾಯುವುದು ಮೀನು. ದೀಪವನ್ನು 5 ಗಂಟೆಯಿಂದ ಮತ್ತೆ ಶುರುಮಾಡಿ.

ದಸರೆಯಲ್ಲಿ ನೆಂಟರು ಬಂದಾಗ ತೊಟ್ಟಿಯನ್ನೂ ಅರಮನೆಯ ದೀಪಾಲಂಕಾರದಂತೆ ನಡುರಾತ್ರಿವರೆಗೆ ಬೆಳಗಿಸುವ ಚಪಲ ಎಲ್ಲ ಮನೆಯಲ್ಲೂ ಇದೆ. ಅತಿಥಿಗಳು ಸಂಜೆ ನೋಡಬೇಕಿದ್ದರೆ ಆ ಹತ್ತು ದಿನ ಆರಂಭವನ್ನೇ ಸಂಜೆ 4ಕ್ಕೆ ದೂಡಿ 11ಕ್ಕೆ ಆರಿಸಿ, ಒಟ್ಟು ಗಂಟೆ ಏರದಿರಲಿ. ನೀಲಿ ರಾತ್ರಿದೀಪವೂ ಒಂದು ಗಂಟೆಗೆ ಮೀರದಿರಲಿ, ಮೀನಿಗೆ ಕತ್ತಲೆ ಬೇಕು. ಮನೆ ಬೀಗ ಹಾಕಿ ಊರಿಗೆ ಹೊರಟರೆ ದೀಪವನ್ನು 5 ಗಂಟೆಗೆ ಇಳಿಸಿ ಹೋಗಿ, ಪೂರ್ತಿ ಆರಿಸಬೇಡಿ. ಹೊರಡುವ ಎರಡು ದಿನ ಮೊದಲು ಕಾಲು ಭಾಗ ನೀರು ಬದಲಿಸಿ, ಆಮೇಲೆ ಗೊಬ್ಬರ ಹಾಕಬೇಡಿ. ಬಂದ ದಿನ ಮೊದಲು ಗಾಜು ಒರೆಸಿ, ಹಳದಿಯಾದ ಎಲೆ ಕತ್ತರಿಸಿ, ಮತ್ತೆ ಕಾಲು ಭಾಗ ನೀರು ಬದಲಿಸಿ. ಗಂಟೆಯನ್ನು ಮೊದಲಿನಂತೆಯೇ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ.