ಮೂವರು ಬೇಹುಗಾರರು, ಒಬ್ಬಳೇ ಹೂವಾಡಗಿತ್ತಿ

ಬೆಂಗಳೂರಿನ ದಕ್ಷಿಣ ಭಾಗದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಶನಿವಾರದ ಕೊನೆಯ ಅವಧಿಯಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಗುಪ್ತಲಿಪಿ ಮತ್ತು ಬೇಹುಗಾರಿಕೆಯ ಮೂಲಕ ವಿಮರ್ಶಾತ್ಮಕ ಚಿಂತನೆಯನ್ನು ಅಭ್ಯಾಸ ಮಾಡಿಸುತ್ತ ಬಂದಿದ್ದೇನೆ. ‘ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ’ ಎಂದು ಉಪದೇಶಿಸಿದರೆ ಮಕ್ಕಳು ಆ ಉಪದೇಶವನ್ನೂ ಪ್ರಶ್ನಿಸದೆ ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತಾರೆ. ಗುಪ್ತಲಿಪಿಯ ಸಂದೇಶವನ್ನು ಕೈಗೆ ಕೊಟ್ಟಾಗ ಹಾಗಾಗುವುದಿಲ್ಲ. ಊಹೆ ತಪ್ಪಿದ್ದರೆ ಎದುರಿಗಿರುವ ಅಕ್ಷರಗಳೇ ಅದನ್ನು ಹೇಳಿಬಿಡುತ್ತವೆ; ಮೇಷ್ಟರ ತೀರ್ಪಿಗಾಗಿ ಯಾರೂ ಕಾಯಬೇಕಾಗಿಲ್ಲ.

ಈ ವಿಷಯದ ಬಗ್ಗೆ ಸಿಗುವ ಪಠ್ಯ ಸಾಮಗ್ರಿಯೆಲ್ಲ ರೋಮನ್ ಅಕ್ಷರಮಾಲೆಯನ್ನು ನೆಚ್ಚಿಕೊಂಡಿದೆ. ಜೂಲಿಯಸ್ ಸೀಸರ್ ತನ್ನ ಖಾಸಗಿ ಪತ್ರಗಳಲ್ಲಿ ಪ್ರತಿ ಅಕ್ಷರದ ಬದಲಿಗೆ ಅದರ ಮುಂದಿನ ಮೂರನೆಯ ಅಕ್ಷರವನ್ನು ಬರೆಯುತ್ತಿದ್ದನೆಂದು ರೋಮನ್ ಚರಿತ್ರಕಾರ ಸುಟೋನಿಯಸ್ ದಾಖಲಿಸಿದ್ದಾನೆ. ಇದನ್ನು ಕನ್ನಡಕ್ಕೆ ತರಹೊರಟರೆ ಕಾಗುಣಿತವೂ ಒತ್ತಕ್ಷರವೂ ಅಡ್ಡ ಬರುತ್ತವೆ. ನಾನು ಮಾಡಿಕೊಂಡ ನಿಯಮ ಸರಳವಾದದ್ದು: ಸ್ವರ, ಸ್ವರಚಿಹ್ನೆ ಮತ್ತು ಅನುಸ್ವಾರಗಳನ್ನು ಮುಟ್ಟುವುದಿಲ್ಲ, ಕ-ದಿಂದ ಮ-ವರೆಗಿನ 25 ವರ್ಗೀಯ ವ್ಯಂಜನಗಳು ಹಾಗೂ ಯ-ದಿಂದ ಳ-ವರೆಗಿನ 9 ಅವರ್ಗೀಯ ವ್ಯಂಜನಗಳು, ಒಟ್ಟು 34, ಮಾತ್ರ ಜಾಗ ಬದಲಿಸುತ್ತವೆ, ಳ ಆದ ಮೇಲೆ ಮತ್ತೆ ಕ ಬರುತ್ತದೆ. ಮಕ್ಕಳಿಗೆ ಇಂಥದ್ದು ತೀರಾ ಹೊಸದೂ ಅಲ್ಲ. ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ‘ಕನಾಕಳೆ ಕಬಾ’ ಎಂದು ಅವರು ನಮ್ಮ ಕಿವಿಯ ಮುಂದೆಯೇ ಮಾತಾಡಿಕೊಳ್ಳುತ್ತಾರೆ, ನಮಗೆ ಅರ್ಥವಾಗುವುದಿಲ್ಲವೆಂದು ನಂಬಿರುತ್ತಾರೆ.

ಮೊದಲ ಪಾಠದಲ್ಲಿ ಕರಿಹಲಗೆಯ ಮೇಲೆ ನಾನು ಬರೆಯುವುದು ಇಷ್ಟೇ: ‘ಯೀಚಪ ಘೈ ಚ್ಶಂನಾಷವಪಷ್ಷಿಪೆ’. ಎಷ್ಟು ಸ್ಥಾನ ಸರಿಸಿದ್ದೇನೆಂದು ಹೇಳುವುದಿಲ್ಲ. ಒಂದು ತರಗತಿಯಲ್ಲಿ ಹುಡುಗನೊಬ್ಬ ಕೂಡಲೇ ಎದ್ದು, ‘ಷ್ಷಿ’ ಎಂಬುದು ‘ನ್ನಿ’ ಇರಬೇಕು, ‘ಬನ್ನಿ’ ಎಂಬಂಥ ಪದ ಅದು ಎಂದ. ಒಳ್ಳೆಯ ಊಹೆಯೇ, ಕನ್ನಡದಲ್ಲಿ ಷಕಾರಕ್ಕೆ ಷಕಾರದ ಒತ್ತು ಬರುವುದು ಅಪರೂಪ, ನಕಾರಕ್ಕೆ ನಕಾರದ ಒತ್ತು ಧಾರಾಳ. ಹಾಗಿದ್ದರೆ 11 ಸ್ಥಾನ ಹಿಂದಕ್ಕೆ ಹೋಗಬೇಕಲ್ಲ, ಮೊದಲ ಪದವನ್ನು ಓದಿ ನೋಡೋಣ ಎಂದು ಎಲ್ಲರೂ ಬೆರಳು ಮಡಿಸಿ ಎಣಿಸಿದರು. ಬಂದದ್ದು ‘ಣೀವಞ’. ಣಕಾರದಿಂದ ಶುರುವಾಗುವ ಮಾತು ನಮ್ಮಲ್ಲಿಲ್ಲ ಎಂದು ಯಾರೋ ಹೇಳಿದರು, ಊಹೆ ಅಲ್ಲಿಗೆ ಬಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಪಷ್ಷಿಪೆ’ ಎಂಬ ತುದಿಯನ್ನೇ ನೋಡುತ್ತಿದ್ದಳು. ಮೊದಲ ಮತ್ತು ಕೊನೆಯ ವ್ಯಂಜನ ಒಂದೇ, ನಡುವೆ ಸಜಾತೀಯ ಒತ್ತಕ್ಷರ, ಇಕಾರ, ಕೊನೆಗೆ ಎಕಾರ: ‘ದಲ್ಲಿದೆ’. ಆ ಒಂದು ತುದಿಯಿಂದ ಮೂರು ಸ್ಥಾನದ ಲೆಕ್ಕ ಸಿಕ್ಕಿತು, ‘ಬೀಗದ ಕೈ ಗ್ರಂಥಾಲಯದಲ್ಲಿದೆ’ ಎಂಬ ಪೂರ್ತಿ ವಾಕ್ಯ ಹೊರಬಂತು. ಸಪ್ತಮಿ ವಿಭಕ್ತಿ ಪ್ರತ್ಯಯವನ್ನು ಅಷ್ಟು ಸಂತೋಷದಿಂದ ನೋಡಿದ ವಿದ್ಯಾರ್ಥಿಗಳನ್ನು ವ್ಯಾಕರಣದ ತರಗತಿ ಕಂಡಿರಲಾರದು.

ಸರಿಯುತ್ತರ ಸಿಕ್ಕ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುವುದು ಆ ಹುಡುಗನ ಬಿದ್ದ ಊಹೆಯ ಬಳಿ. ಅವನ ಊಹೆಗೆ ಆಧಾರವಿತ್ತು. ಅದು ಏನಾದರೆ ಬೀಳುತ್ತದೆ ಎಂಬುದೂ ಮೊದಲೇ ಸ್ಪಷ್ಟವಿತ್ತು. ಬೀಳಿಸಲು ಒಂದೇ ಪದ ಸಾಕಾಯಿತು. ಅಂದಿನಿಂದ ತರಗತಿಯಲ್ಲಿ ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದರೆ ಉಳಿದವರು ‘ನಿನ್ನ ಣೀವಞ ಯಾವುದು?’ ಎಂದು ಕೇಳುತ್ತಾರೆ, ಅಂದರೆ ಏನು ಕಂಡರೆ ನೀನು ಈ ಮಾತನ್ನು ಬಿಟ್ಟುಕೊಡುತ್ತೀಯ ಎಂದು. ಆ ಪದವನ್ನು ನಾನು ಕಲಿಸಿದ್ದಲ್ಲ.

ಇನ್ನೊಂದು ವರ್ಷ ಕೆಲವು ಹುಡುಗರು ಯಾವ ಊಹೆಯ ಗೋಜಿಗೂ ಹೋಗದೆ, ಅಕ್ಷರ ಸರಿಸಬಹುದಾದ 33 ಬಗೆಗಳನ್ನು ತಮ್ಮೊಳಗೆ ಹಂಚಿಕೊಂಡು, ಎಲ್ಲರಿಗಿಂತ ಮೊದಲು ಉತ್ತರ ತಂದರು. ಅದೂ ಬುದ್ಧಿವಂತಿಕೆಯೇ. ಅವರಿಗಾಗಿಯೇ ಮುಂದಿನ ಹಂತದಲ್ಲಿ ವ್ಯಂಜನಗಳನ್ನು ಕ್ರಮವಿಲ್ಲದೆ ಅದಲುಬದಲು ಮಾಡಿಕೊಡುತ್ತೇನೆ. ಅಲ್ಲಿ ಹಂಚಿಕೊಂಡು ಮುಗಿಸುವ ಮಾತಿಲ್ಲ. 9ನೆಯ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ವಿವರಿಸಿದಂತೆ, ಆ ಭಾಷೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಮೊದಲು ಎಣಿಸಬೇಕು. ಮಕ್ಕಳು ದಿನಪತ್ರಿಕೆಯನ್ನು ಹರಡಿಕೊಂಡು ಎಣಿಸುತ್ತಾರೆ.

ಇದಾದ ಮೇಲೆ ‘ಘೈ’ ಎಂಬ ಒಂದೇ ಪದವನ್ನು ಬರೆದು ಬಿಡಿಸಲು ಹೇಳುತ್ತೇನೆ. ಕೈ, ಮೈ, ಬೈ, ಜೈ, ಸೈ ಎಂದು ಒಂದೊಂದು ಗುಂಪು ಒಂದೊಂದನ್ನು ತರುತ್ತದೆ, ಎಲ್ಲವೂ ನಿಯಮಕ್ಕೆ ಸರಿಯಾಗಿಯೇ ಇರುತ್ತವೆ. ಯಾವುದು ಸರಿ ಎಂದು ನನ್ನ ಮುಖ ನೋಡುತ್ತಾರೆ. ಉದ್ದನೆಯ ಸಂದೇಶ ನಿಮ್ಮನ್ನು ಕಟ್ಟಿಹಾಕಿತ್ತು, ಇದು ಕಟ್ಟಿಹಾಕುವುದಿಲ್ಲ. ಇಷ್ಟು ಸಾಕ್ಷ್ಯದಿಂದ ‘ಗೊತ್ತಿಲ್ಲ’ ಎಂದು ಹೇಳುವುದೇ ಸರಿಯುತ್ತರ ಎಂದಾಗ ಮಕ್ಕಳಿಗೆ ನಿರಾಸೆಯಾಗುತ್ತದೆ. ಶಾಲೆಯಲ್ಲಿ ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ನಾವು ಎಂದೂ ಅಂಕ ಕೊಟ್ಟವರಲ್ಲ.

ಇಲ್ಲಿಂದ ಸಿರಿಭೂವಲಯಕ್ಕೆ ಹೋಗುವುದು ನನಗೆ ಅನಿವಾರ್ಯವಾಗುತ್ತದೆ, ಏಕೆಂದರೆ ಪ್ರತಿ ವರ್ಷವೂ ಒಬ್ಬರಲ್ಲ ಒಬ್ಬರು ಅದರ ಬಗ್ಗೆ ಕೇಳಿಕೊಂಡು ಬಂದಿರುತ್ತಾರೆ. ಜೈನಮುನಿ ಕುಮುದೇಂದುವಿನ ಈ ಕೃತಿ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳಲ್ಲಿದೆ. 27 ಸಾಲು 27 ಕಂಬಗಳ ಚೌಕಗಳಲ್ಲಿ, ಅಂದರೆ ಒಂದೊಂದರಲ್ಲಿ 729 ಮನೆಗಳಲ್ಲಿ, ಅಂಕಿಗಳನ್ನು ತುಂಬಿ, ನಿರ್ದಿಷ್ಟ ‘ಬಂಧ’ಗಳ ದಾರಿ ಹಿಡಿದು ಓದಬೇಕಾದ ರಚನೆ. ಅದರಲ್ಲಿ 718 ಭಾಷೆಗಳು ಅಡಗಿವೆ ಎಂಬ ಮಾತಿದೆ; ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಭಕ್ತಿಯೂ ಬೇಡ, ಗೇಲಿಯೂ ಬೇಡ, ಪರೀಕ್ಷೆ ಮಾಡೋಣ ಎಂದು ನಾವು ಪತ್ರಿಕೆಯ ಸಂಪಾದಕೀಯವೊಂದರ ಅಕ್ಷರಗಳನ್ನು ಹಾಗೆಯೇ 27ರ ಚೌಕಕ್ಕೆ ತುಂಬಿದೆವು. ಬೇಕಾದ ದಿಕ್ಕಿನಲ್ಲಿ, ಬೇಕಾದಷ್ಟು ಮನೆ ಹಾರಿ ಓದಬಹುದೆಂದು ಬಿಟ್ಟಾಗ ಬಹಳಷ್ಟು ಮಕ್ಕಳು ತಮ್ಮ ಹೆಸರನ್ನೇ ಅದರಲ್ಲಿ ಕಂಡುಕೊಂಡರು. ಓದುವ ದಾರಿಯನ್ನು ಮೊದಲೇ ನಿಗದಿಪಡಿಸಿ ಓದುವುದಕ್ಕೂ, ಬೇಕಾದ ಅರ್ಥ ಸಿಗುವವರೆಗೆ ದಾರಿಯನ್ನು ಬದಲಿಸುತ್ತ ಹೋಗುವುದಕ್ಕೂ ಇರುವ ಅಂತರ ಅವರಿಗೆ ಸ್ಪಷ್ಟವಾಯಿತು. ಕುಮುದೇಂದುವಿನ ಬಂಧಗಳು ಮೊದಲ ಬಗೆಯವು, ಆದ್ದರಿಂದ ಆ ಕೃತಿ ಗಂಭೀರ ಅಧ್ಯಯನಕ್ಕೆ ತಕ್ಕದ್ದು. ಅದರ ಹೆಸರಿನಲ್ಲಿ ಹರಿದಾಡುವ ಎಷ್ಟೋ ಹೇಳಿಕೆಗಳು ಎರಡನೆಯ ಬಗೆಯವು ಎಂಬುದು ನನ್ನ ಅಭಿಪ್ರಾಯ. ಮಕ್ಕಳಲ್ಲಿ ಇದನ್ನು ಒಪ್ಪದವರಿದ್ದಾರೆ.

ಬೇಹುಗಾರಿಕೆಗೆ ನಾನು ಇಟ್ಟುಕೊಂಡಿರುವ ಮೂಲ ಪಠ್ಯ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚಿಗೆ ತಂದರೆಂಬುದು ಮಕ್ಕಳಿಗೆ ಹೆಮ್ಮೆಯ ಸಂಗತಿ. ಸನ್ಯಾಸಿ, ವ್ಯಾಪಾರಿ, ಗೃಹಸ್ಥ ಮುಂತಾದ ವೇಷಗಳ ಗೂಢಪುರುಷರ ಪಟ್ಟಿಯನ್ನು ಅವರು ಆಸಕ್ತಿಯಿಂದ ಓದುತ್ತಾರೆ. ನನಗೆ ಬೇಕಾದದ್ದು ಅದೇ ಪ್ರಕರಣದ ಎರಡು ಸಣ್ಣ ಮಾತುಗಳು: ಮೂವರ ವರದಿ ಒಂದೇ ಆದರೆ ನಂಬಬಹುದು, ಬೇಹುಗಾರರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಕೂಡದು.

ಮೊದಲ ಮಾತನ್ನು ಮಕ್ಕಳು ತಕ್ಷಣ ಹಿಡಿದುಕೊಳ್ಳುತ್ತಾರೆ, ಎರಡನೆಯದನ್ನು ದಾಟಿ ಹೋಗುತ್ತಾರೆ. ಹಾಗಾಗಿ ಒಂದು ವರಮಹಾಲಕ್ಷ್ಮಿ ಹಬ್ಬದ ಮುಂಚೆ, ಪೋಷಕರ ಒಪ್ಪಿಗೆ ಪಡೆದು, ಮೂರು ಗುಂಪುಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಗಾಂಧಿ ಬಜಾರಿಗೆ ಕರೆದೊಯ್ದೆ. ಸೇವಂತಿಗೆಯ ಬೆಲೆ ಏಕೆ ಏರಿದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಮೂರೂ ಗುಂಪುಗಳ ವರದಿ ಒಂದೇ ಆಗಿತ್ತು: ಮಳೆ ಬಿದ್ದು ತೋಟಗಳಲ್ಲಿ ಹೂವು ಕೊಳೆತಿದೆ. ಕೌಟಿಲ್ಯನ ಷರತ್ತು ಪೂರೈಸಿತೆಂದು ಎಲ್ಲರೂ ಬೀಗಿದರು. ಆಗ ವರದಿಗಳನ್ನು ಬರೆದುಕೊಳ್ಳುತ್ತಿದ್ದವಳು, ‘ನಿಮಗೆ ಹೇಳಿದವರು ಯಾರು?’ ಎಂದು ಕೇಳಿದಳು. ಮೊದಲ ಮತ್ತು ಮೂರನೆಯ ಗುಂಪು ಮೂಲೆಯಲ್ಲಿ ಕೂರುವ ಒಬ್ಬಳೇ ಹೂವಾಡಗಿತ್ತಿಯ ಹತ್ತಿರ ಹೋಗಿದ್ದವು. ಮಕ್ಕಳನ್ನು ಕಂಡರೆ ನಿಂತು ಮಾತಾಡಿಸುವವಳು ಆಕೆ ಒಬ್ಬಳೇ. ಎರಡನೆಯ ಗುಂಪಿಗೆ ಹೇಳಿದ್ದು ತೆಂಗಿನಕಾಯಿ ಮಾರುವವನು, ಅವನಿಗೆ ಹೇಳಿದ್ದು ಅದೇ ಹೂವಾಡಗಿತ್ತಿ. ನಮ್ಮ ಹುಡುಗನೊಬ್ಬನ ತಂದೆ ಕೆ.ಆರ್. ಮಾರುಕಟ್ಟೆಗೆ ಸರಕು ಆಟೋ ಓಡಿಸುತ್ತಾರೆ. ಅವರನ್ನು ವಿಚಾರಿಸಿದಾಗ, ಹೂವು ಎಂದಿನಂತೆಯೇ ಬರುತ್ತಿದೆ, ಕೊಳ್ಳುವವರೇ ಹೆಚ್ಚಾಗಿದ್ದಾರೆ ಎಂದರು. ಹೂವಾಡಗಿತ್ತಿ ಸುಳ್ಳು ಹೇಳಿದಳೇ ಎಂಬುದು ಮುಂದಿನ ಚರ್ಚೆಯಾಯಿತು. ಅವಳು ಕೇಳಿದ್ದನ್ನು ಹೇಳಿರಬಹುದು. ಕೊಳ್ಳಲು ಬಂದವರಿಗೆ ದಿನವಿಡೀ ಕೊಟ್ಟ ಸಮಜಾಯಿಷಿ ಅವಳಿಗೇ ನಿಜವೆನಿಸಿರಬಹುದು. ಆಟೋ ಓಡಿಸುವವರೂ ಒಂದು ಮಾರುಕಟ್ಟೆಯನ್ನಷ್ಟೇ ಕಂಡವರು. ಮಳೆಯ ಪ್ರಶ್ನೆಯನ್ನು ಇತ್ಯರ್ಥಕ್ಕೆ ತರದೆಯೇ ಬಿಟ್ಟೆವು, ಆದರೆ ನಮ್ಮ ಬಳಿ ಇದ್ದದ್ದು ಮೂರು ವರದಿಗಳಲ್ಲ, ಒಂದೇ ವರದಿ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಅದೇ ಸಂಜೆ ಒಬ್ಬಳು, ಮನೆಯವರ ವಾಟ್ಸ್ಆಪ್‌ನಲ್ಲಿ ಮೂರು ಗುಂಪುಗಳಿಂದ ಬಂದ ಒಂದೇ ಫಾರ್ವರ್ಡ್ ಕೂಡ ಹೀಗೆಯೇ ಅಲ್ಲವೇ ಎಂದು ಕೇಳಿದಳು. ಆ ಮಾತನ್ನು ನಾನೇ ಹೇಳಬೇಕೆಂದಿದ್ದೆ, ಹೇಳುವ ಕೆಲಸ ತಪ್ಪಿತು.

ಒಂದು ನಿಯಮವನ್ನು ಮಾತ್ರ ಮೊದಲ ದಿನವೇ ಹೇಳಿರುತ್ತೇನೆ: ಸಹಪಾಠಿಗಳ, ಶಿಕ್ಷಕರ, ಮನೆಯವರ ಮೇಲೆ ಬೇಹು ನಡೆಸುವಂತಿಲ್ಲ. ವಿಚಾರಿಸಬೇಕಾದದ್ದು ಸಂಗತಿಗಳನ್ನು. ಈ ನಿಯಮವಿಲ್ಲದಿದ್ದರೆ ಇಡೀ ಪ್ರಯೋಗ ಚಾಡಿಯ ಶಾಲೆಯಾಗುತ್ತದೆ.

ಎರಡನೆಯ ಮಹಾಯುದ್ಧದಿಂದ ನಾನು ಆರಿಸಿಕೊಂಡಿರುವುದು ಗೆದ್ದ ಕಥೆಯನ್ನಲ್ಲ. 1942ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಗುಪ್ತ ಸಂಸ್ಥೆ ಎಸ್‌ಒಇಯ ರೇಡಿಯೋ ನಿರ್ವಾಹಕ ಹ್ಯೂಬ್ ಲಾವರ್ಸ್ ನೆದರ್‌ಲ್ಯಾಂಡ್ಸ್‌ನಲ್ಲಿ ಜರ್ಮನ್ನರ ಕೈಗೆ ಸಿಕ್ಕ. ಅವರ ಒತ್ತಾಯಕ್ಕೆ ಲಂಡನ್ನಿಗೆ ಸಂದೇಶ ಕಳುಹಿಸುವಾಗ, ಮೊದಲೇ ಗೊತ್ತುಮಾಡಿಕೊಂಡಿದ್ದ ಭದ್ರತಾ ಗುರುತನ್ನು ಬೇಕೆಂದೇ ಬಿಟ್ಟ. ಗುರುತಿಲ್ಲದಿದ್ದರೆ ತಾನು ಸೆರೆಯಾಗಿದ್ದೇನೆಂದು ಅರ್ಥ. ಲಂಡನ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಬ್ಬರ ಹಿಂದೆ ಒಬ್ಬರಂತೆ ಸುಮಾರು 50 ಏಜೆಂಟರು ಜರ್ಮನ್ನರ ಕೈಗೆ ಬಿದ್ದರು, ಬಹುತೇಕರು ಸತ್ತರು.

ಇದನ್ನು ಹೇಳುವ ಮೊದಲು ಆಡಿಸುತ್ತೇನೆ. ಮಕ್ಕಳೇ ಲಂಡನ್ ಕಚೇರಿ. ಪ್ರತಿ ಸಂದೇಶದ ಐದನೆಯ ಪದದಲ್ಲಿ ಕಾಗುಣಿತದ ತಪ್ಪೊಂದು ಇರಬೇಕೆಂಬುದು ಒಪ್ಪಂದ. ಎರಡು ಸಂದೇಶಗಳಲ್ಲಿ ತಪ್ಪು ಇರುತ್ತದೆ, ಮೂರನೆಯದರಲ್ಲಿ ಇರುವುದಿಲ್ಲ, ಆದರೆ ಅದರಲ್ಲಿ ಎಲ್ಲರೂ ಕಾಯುತ್ತಿದ್ದ ಒಳ್ಳೆಯ ಸುದ್ದಿ ಇರುತ್ತದೆ. ‘ಅವಸರದಲ್ಲಿ ಮರೆತಿರಬೇಕು ಸರ್’, ‘ಕತ್ತಲೆಯಲ್ಲಿ ಬರೆದಿದ್ದಾನೆ ಸರ್’ ಎಂದು ತರಗತಿಯೇ ನೆಪಗಳನ್ನು ಹುಡುಕಿಕೊಡುತ್ತದೆ. ಆಮೇಲೆ ಲಾವರ್ಸ್‌ನ ಕಥೆ ಹೇಳಿದಾಗ ಲಂಡನ್ನಿನವರನ್ನು ದಡ್ಡರೆಂದು ಕರೆಯಲು ಯಾರಿಗೂ ಬಾಯಿ ಬರುವುದಿಲ್ಲ. ಇದರ ಜೊತೆಗೆ ನೂರ್ ಇನಾಯತ್ ಖಾನ್ ಬಗ್ಗೆಯೂ ಓದುತ್ತೇವೆ. ಟಿಪ್ಪುವಿನ ವಂಶಕ್ಕೆ ಸೇರಿದ ಆಕೆ 1943ರ ಜೂನ್‌ನಲ್ಲಿ ರೇಡಿಯೋ ನಿರ್ವಾಹಕಿಯಾಗಿ ಫ್ರಾನ್ಸಿಗೆ ಹೋದವಳು, 1944ರಲ್ಲಿ ನಾಜಿಗಳ ಸೆರೆಶಿಬಿರ ಡಕಾವ್‌ನಲ್ಲಿ ಕೊಲ್ಲಲ್ಪಟ್ಟವಳು. ಆಕೆ ಸೆರೆಯಾದ ಮೇಲೆಯೂ ಜರ್ಮನ್ನರು ಆಕೆಯ ಹೆಸರಿನಲ್ಲಿ ಸಂದೇಶಗಳನ್ನು ಕಳುಹಿಸುತ್ತಲೇ ಇದ್ದರು. ಕಲಾಸಿಪಾಳ್ಯದ ಬಳಿಯ ಟಿಪ್ಪು ಅರಮನೆಯನ್ನು ನೋಡಿದ ಮಕ್ಕಳಿಗೆ ಆ ದೂರದ ಯುದ್ಧ ಸ್ವಲ್ಪ ಹತ್ತಿರವಾಗುತ್ತದೆ.

ಅತ್ಯಂತ ಕಷ್ಟದ ಪಾಠ ನಮ್ಮ ಊರಿನದೇ. 2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಎಸ್‌ಎಂಎಸ್ ಮತ್ತು ಬಾಯಿಮಾತಿನ ಮೂಲಕ ಹಬ್ಬಿ, ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಿಂದ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಬ್ಬರು ಒಮ್ಮೆಗೆ ಕಳುಹಿಸಬಹುದಾದ ಎಸ್‌ಎಂಎಸ್‌ಗಳಿಗೆ 15 ದಿನಗಳ ಮಟ್ಟಿಗೆ ಮಿತಿ ಹೇರಿತು. ಇದನ್ನು ಚರ್ಚಿಸುವಾಗ ಮಕ್ಕಳು ಮೊದಲು ಹೇಳುವುದು, ‘ವದಂತಿ ನಂಬಬಾರದಿತ್ತು’ ಎಂದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದಕ್ಕೆ ಒಪ್ಪಲಿಲ್ಲ. ಅಸ್ಸಾಮಿನಲ್ಲಿ ಜುಲೈ ತಿಂಗಳಲ್ಲಿ ನಿಜವಾಗಿಯೇ ಹಿಂಸಾಚಾರ ನಡೆದಿತ್ತು. ಸುಳ್ಳನ್ನು ನಂಬಿ ಹೋದವರಿಗೆ ನಷ್ಟವಾಗುವುದು ಟಿಕೆಟ್ಟಿನ ಹಣ ಮತ್ತು ಕೆಲಸ, ನಿಜವನ್ನು ನಂಬದೆ ಉಳಿದಿದ್ದರೆ ಹೋಗುವುದು ಪ್ರಾಣ. ಹಾಗಿರುವಾಗ ಸಾಕ್ಷ್ಯ ಕಡಿಮೆಯಿದ್ದರೂ ಹೊರಡುವುದು ಅವಿವೇಕವಲ್ಲ ಎಂದು ಅವಳು ವಾದಿಸಿದಳು. ಸಂದೇಶವನ್ನು ನಂಬುವುದು ಬೇರೆ, ನಂಬದೆಯೂ ಎಚ್ಚರ ವಹಿಸುವುದು ಬೇರೆ, ಅದನ್ನು ಇನ್ನೊಬ್ಬರಿಗೆ ಕಳುಹಿಸುವುದು ಮತ್ತೂ ಬೇರೆ ಎಂಬ ವಿಂಗಡಣೆ ಅವಳ ವಾದದಿಂದಲೇ ಹುಟ್ಟಿತು, ನಾನು ಅದನ್ನು ನನ್ನ ಪಾಠದ ಟಿಪ್ಪಣಿಗೆ ಸೇರಿಸಿಕೊಂಡಿದ್ದೇನೆ.

ಈ ಅವಧಿಗೆ ಅಂಕಗಳಿಲ್ಲ, ಪರೀಕ್ಷೆಯೂ ಇಲ್ಲ. ವರ್ಷದ ಕೊನೆಗೆ ಹಿರಿಯ ತರಗತಿಯವರು ಕಿರಿಯರಿಗೆ ಒಂದು ಗುಪ್ತ ಸಂದೇಶ ತಯಾರಿಸಿ ಕೊಡಬೇಕು, ಅದಕ್ಕೆ ಒಂದೇ ಓದು ಸಾಧ್ಯವೆಂದು ತೋರಿಸುವ ಹೊಣೆಯೂ ಅವರದೇ. ಕಳೆದ ವರ್ಷದ ಸಂದೇಶಕ್ಕೆ ಎರಡು ಓದುಗಳಿವೆಯೆಂದು ಈಗಿನ ಒಂಬತ್ತನೆಯ ತರಗತಿಯವರು ಬರೆದುಕೊಟ್ಟಿದ್ದಾರೆ. ತಯಾರಿಸಿದವರು ಹತ್ತನೆಯ ತರಗತಿಯಲ್ಲಿ ಎಸ್‌ಎಸ್‌ಎಲ್‌ಸಿ ಸಿದ್ಧತೆಯ ನಡುವೆಯೂ ಎರಡು ಪುಟಗಳ ಉತ್ತರ ಕಳುಹಿಸಿದ್ದಾರೆ, ಒಪ್ಪಿಲ್ಲ.